ಪದರ ಅಳಿಸಿದರೂ ಮಾಸದ ಮನೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ನನ್ನದು ನಕ್ಷೆ ಕಚೇರಿಯಲ್ಲಿ ಕೆಲಸ. ಒಂದು ಮಧ್ಯಾಹ್ನ ವಯಸ್ಸಾದ ಟೀಚರಮ್ಮ ಒಬ್ಬರು ಬಂದು, ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋದ ತಮ್ಮ ತವರುಮನೆಯನ್ನು ಒಮ್ಮೆ ತೋರಿಸಿ ಎಂದರು. ಮುಳುಗುವ ಮುನ್ನ ವಿಮಾನದಿಂದ ತೆಗೆದ ಚಿತ್ರವೊಂದು ನಮ್ಮಲ್ಲಿತ್ತು. ಅದನ್ನು ಈಗಿನ ಉಪಗ್ರಹ ಚಿತ್ರದ ಮೇಲೆ ಹೊದಿಸಿ, ಮೇಲಿನ ಚಿತ್ರವನ್ನು ತಿಳಿಯಾಗಿಸುವ ಸ್ಲೈಡರನ್ನು ಮೆಲ್ಲನೆ ಎಳೆದೆ. ಹಳೆಯ ಬೀದಿಗಳು ತೆಳುವಾಗುತ್ತ ಹೋಗಿ ಅಡಿಯಿಂದ ನೀರು ಮೂಡಿತು.

ಕೊನೆಯವರೆಗೂ ಎಳೆದೆ. ಒಂದು ಹೆಂಚಿನ ಮಾಡು ಮಾತ್ರ ಮಾಸಲಿಲ್ಲ.

"ಅದೇ ನಮ್ಮನೆ," ಎಂದರು ಟೀಚರಮ್ಮ. "ಮನೆ ಬಿಟ್ಟು ಬರಲ್ಲ ಅಂತ ಅಪ್ಪ ಹಟ ಹಿಡಿದ್ರು. ನೀರು ಬಂತು, ಅವರು ಬರಲೇ ಇಲ್ಲ."

ಕಂಪ್ಯೂಟರ್ ಮೊಂಡಾಟ ಮಾಡುತ್ತಿದೆ ಎಂದುಕೊಂಡು ಹಳೆಯ ಚಿತ್ರದ ಪದರವನ್ನೇ ಅಳಿಸಿದೆ. ಮಾಡು ಅಲ್ಲೇ ಇತ್ತು. ಮೌಸ್ ಹಿಡಿದ ಕೈ ಬಾವಿನೀರಿನಲ್ಲಿ ಅದ್ದಿದಂತೆ ತಣ್ಣಗಾಯಿತು. ಹಿಂದೆ ಎಲ್ಲೋ ಮರದ ಅಗುಳಿ ಸರಿದ ಸದ್ದು ಕೇಳಿತು. ನಮ್ಮದು ಗಾಜಿನ ಬಾಗಿಲು.

"ಹೆದರ್ಬೇಡ ಮಗಾ," ಎಂದು ನನ್ನ ಭುಜ ತಟ್ಟಿ, ಅವರು ಪರದೆಯ ಹತ್ತಿರ ಬಾಗಿದರು. "ಅಪ್ಪಾ, ನಾವೆಲ್ಲ ಚೆನ್ನಾಗಿದೀವಿ. ಇನ್ನು ನೀನೂ ಹೊರಡು."

ನೋಡುನೋಡುತ್ತಲೇ ಮಾಡು ಕರಗಿತು. ಅವರು ಕಣ್ಣೊರೆಸಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ತೆಗೆದ ಉಪಗ್ರಹ ಚಿತ್ರ ವಾರದ ನಂತರ ನಮ್ಮ ಕೈಸೇರಿತು. ಆ ಜಾಗದಲ್ಲಿ ಬರೀ ನೀರು. ಆದರೆ ಅಲ್ಲಿಂದ ದಡದವರೆಗೆ, ದೋಣಿ ಸಾಗಿದ ಜಾಡಿನಂತೆ, ಒಂದು ಬಿಳಿ ಗೆರೆ ನೆಟ್ಟಗೆ ಹೋಗಿದೆ. ಆ ಜಲಾಶಯದಲ್ಲಿ ಯಾರೂ ದೋಣಿ ಇಳಿಸುವುದಿಲ್ಲ.