ಗೊರಕೆಯ ನೆಪ

ವಾರ್ಡಿನ ಬಾಗಿಲಲ್ಲೇ ಅವಳ ಕಾಲು ನಿಂತಿತು. ಮೂಗಿನ ಮೇಲೆ ದಪ್ಪ ಬ್ಯಾಂಡೇಜು, ಊದಿದ ಕಣ್ಣು, ತೆರೆದ ಬಾಯಿ... ಇವನೇನಾ ತನ್ನ ಗಂಡ?

ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಬಂದಿದ್ದಳು. ಅವಳು ಮುನಿಸಿಕೊಂಡು ತವರಿಗೆ ಹೋದಮೇಲೆ ಅವನಿಂದ ಒಂದು ಫೋನೂ ಇಲ್ಲ. ಇವತ್ತು ಅತ್ತೆ ಫೋನ್ ಮಾಡಿ, ಗೊರಕೆ ನಿಲ್ಲಲೆಂದು ಮಗ ಮೂಗಿನ ಆಪರೇಷನ್ ಮಾಡಿಸಿಕೊಂಡಿದ್ದಾನೆ, ನಿನಗೆ ಹೇಳಬೇಡ ಅಂದಿದ್ದಾನೆ ಎಂದು ಅತ್ತಿದ್ದರು.

ಅವನ ಕೈ ಮೂಗಿಗೆ ತುರುಕಿದ್ದ ಬತ್ತಿಯ ಕಡೆ ಹೋಯಿತು. ಅವಳು ಧಾವಿಸಿ ಮಣಿಕಟ್ಟು ಹಿಡಿದಳು.

"ಉಸಿರು... ಕಟ್ತಿದೆ."

"ಮೂಗಲ್ಲಿ ಎಳೆದ್ರೆ ಕಟ್ಟದೆ ಇನ್ನೇನು? ಬಾಯಲ್ಲಿ ತಗೊಳ್ಳಿ, ನಿಧಾನಕ್ಕೆ. ನನ್ನೇ ನೋಡಿ."

ಆಪರೇಷನ್ ಆಗಿ ಎಚ್ಚರವಾದಾಗ ಮೂಗು ಕಟ್ಟಿರುತ್ತದೆ ಎಂದು ಇವರಿಗೆ ಯಾರಾದರೂ ಮೊದಲೇ ಹೇಳಿದ್ದರಾ ಎಂದು ಪಕ್ಕದ ಮಂಚದ ಬಳಿಯಿದ್ದ ನರ್ಸನ್ನು ಕೇಳಿದಳು. ಹೇಳಿರ್ತಾರೆ ಎಂದರು ನರ್ಸ್. ಅವಳಿಗೆ ರೇಗಿತು.

"ಹೇಳಿರ್ತಾರೆ ಅಂದ್ರೆ? ಮನುಷ್ಯ ಹೆದರಿ ಬೆವರ್ತಿದಾರೆ, ನೋಡಿ ಸಿಸ್ಟರ್."

ನರ್ಸ್ ಬಂದು ಪರೀಕ್ಷಿಸಿ, ಉಸಿರಾಟಕ್ಕೆ ತೊಂದರೆಯಿಲ್ಲವೆಂದು ಅವನಿಗೇ ಬಿಡಿಸಿ ಹೇಳಿದರು. ನೋವಿನ ಔಷಧಿ ಕೊಟ್ಟು ತಲೆಯ ಕಡೆ ಮಂಚ ಎತ್ತರಿಸಿದರು. ಕೆನ್ನೆಗೆ ಇಡಲು ತಣ್ಣನೆ ಪಟ್ಟಿ ಕೊಟ್ಟರು. ಅವಳು ಒದ್ದೆ ಹತ್ತಿಯಿಂದ ಅವನ ಒಣಗಿದ ತುಟಿ ಒರೆಸಿದಳು. ಉಸಿರು ಹದಕ್ಕೆ ಬಂತು.

"ಗೊರಕೆಗೆ ತಾನೇ ನೀನು ಹೋಗಿದ್ದು?" ಅವನು ಮೆಲ್ಲಗೆ ಕೇಳಿದ.

ತಡೆದಿಟ್ಟ ಸಿಟ್ಟೆಲ್ಲ ಉಕ್ಕಿತು.

"ಅದು ನೆಪ ಕಣ್ರೀ! ನಿಮ್ಮ ಮಗ ನನ್ನ ಹತ್ರ ಮಾತೇ ಆಡಲ್ಲ ಅಂತ ಅತ್ತೆಗೆ ಹೇಗೆ ಹೇಳ್ಲಿ? ಯಾಕೆ ಹೋದೆ ಅಂತ ನನ್ನನ್ನ ಒಂದು ಮಾತು ಕೇಳೋದು ಬಿಟ್ಟು, ಮೂಗು ಕೊಯ್ಸಿಕೊಂಡ್ರಲ್ಲ..."

ಅವನ ಕಣ್ಣು ತುಂಬಿತು.

"ಕೇಳಿದ್ರೆ... ಬರಲ್ಲ ಅಂದ್ಬಿಡ್ತೀಯೇನೋ ಅಂತ ಭಯ. ಆಪರೇಷನ್ನೇ ವಾಸಿ ಅನ್ನಿಸ್ತು."

ಎಂಥ ಪೆದ್ದ ಈ ಮನುಷ್ಯ! ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ಈಗ ಕೇಳಿ."

"ಮನೆಗೆ ಬರ್ತೀಯಾ?"

"ಬರ್ತೀನಿ. ಮೊದಲು ಎಲ್ಲೆಲ್ಲಿ ನೋಯ್ತಿದೆ ಹೇಳಿ. ಒಂದನ್ನೂ ಬಚ್ಚಿಡಬಾರ್ದು."

"ಹಣೆ... ಕಣ್ಣಿನ ಹಿಂದೆ..." ತಡೆದ. "ನೀನಿಲ್ಲದೆ ಮನೇಲಿ ಕೂರೋಕೇ ಆಗ್ತಿರಲಿಲ್ಲ."

ಅವಳು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು.

"ಹ್ಞೂಂ... ಆಮೇಲೆ?"