ಹೆಂಡತಿಯ ಹಿಂದೆ ಹತ್ತು ಮಾರು

ಶಿವರುದ್ರಮ್ಮ ಜೀವನದಲ್ಲಿ ಮೊದಲ ಸಲ ಶೂ ಹಾಕಿಕೊಂಡು ಮಿರ್ಲೆಯ ನಾಲೆ ಏರಿಗೆ ಕಾಲಿಟ್ಟ ಬೆಳಗ್ಗೆ, ಆ ಹೆಜ್ಜೆಯ ಅದುರಿಗೆ ಕೆ.ಆರ್.ನಗರದ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು ಒಂದು ಫರ್ಲಾಂಗು ಹಿಂದಕ್ಕೆ ಸರಿಯಿತು! ನಂಬದವರು ಹೋಗಿ ಸ್ಟೇಷನ್ ಮಾಸ್ಟರನ್ನೇ ಕೇಳಿ.

ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದೆ ಸದ್ದಾಯಿತು.

ಚಟ್... ಚಟ್... ಚಟ್...

ಅವಳು ನಿಂತಳು. ಸದ್ದೂ ನಿಂತಿತು.

ತಿರುಗದೆಯೇ ಗೊತ್ತಾಯಿತು. ಅದು ಗಂಡ ಕಂಠಪ್ಪನ ಚಪ್ಪಲಿ! ಸಂತೆಗೆ, ನೆಂಟರ ಮನೆಗೆ, ಸಾಲಿಗ್ರಾಮದ ಬಸ್ಸಿಗೆ, ಎಲ್ಲಿಗೆ ಹೊರಟರೂ ಅವನು ಮುಂದೆ, ಇವಳು ಹಿಂದೆ. ಮದುವೆಯಾದಾಗಿನಿಂದ ಆ ಸದ್ದಿನ ಬೆನ್ನು ಹಿಡಿದೇ ನಡೆದವಳು. ಇವತ್ತು ಅದು ಅವಳ ಬೆನ್ನು ಹಿಡಿದಿದೆ!

'ಬರ್ತಾರೆ... ಈಗ ಪಕ್ಕಕ್ಕೆ ಬರ್ತಾರೆ...'

ಸ್ಟೆಂಟ್ ಹಾಕಿಸಿಕೊಂಡ ಎದೆ, ಹೊಸ ಮದುಮಗಳ ಎದೆಯಂತೆ ಹೊಡೆದುಕೊಂಡಿತು.

ಬರಲಿಲ್ಲ. ಅವಳು ನಡೆದರೆ ನಡೆದ, ನಿಂತರೆ ನಿಂತ. ಹತ್ತು ಮಾರು ದೂರದಲ್ಲೇ.

ಕಂಠಪ್ಪ ಅಂದರೆ ಸಾಮಾನ್ಯನೇ? ನಾಲ್ಕು ತಾಲ್ಲೂಕಿಗೆ ಅಂಥ ಗಂಡು ಇನ್ನೊಬ್ಬನಿಲ್ಲ. ಅವನ ಮೀಸೆ ನೋಡಲೆಂದೇ ಪಿರಿಯಾಪಟ್ಟಣದಿಂದ ಜನ ಬಸ್ಸು ಹತ್ತುತ್ತಿದ್ದರು. ಅವನು ಮಾತಿಗೆ ನಿಂತರೆ ಕಾವೇರಿಯೂ ಹರಿಯುವುದು ಬಿಟ್ಟು ಕೇಳುತ್ತಿದ್ದಳು!

ಅಂಥವನು ಈಗ ಮೂಕನಾಗಿದ್ದ.

ಹೋದ ಬೇಸಿಗೆಯಲ್ಲಿ ಇಬ್ಬರೂ ಒಂದು ಮದುವೆಗೆ ಹೊರಟಿದ್ದರು. ಎಂದಿನಂತೆ ಅವನು ಮುಂದೆ ಕೈ ಬೀಸಿಕೊಂಡು, ಒಂದೇ ಕೈಯಲ್ಲಿ ಟ್ರ್ಯಾಕ್ಟರ್ ಎತ್ತಿದ ಕಥೆ ಹೇಳಿಕೊಂಡು. ಕಥೆ ಮುಗಿಸಿ "ಎಂಗೆ?" ಎಂದು ತಿರುಗಿದರೆ ಹಿಂದೆ ಯಾರೂ ಇಲ್ಲ. ಬಹಳ ದೂರದಲ್ಲಿ, ಹೊಂಗೆ ಮರದ ಬುಡದಲ್ಲಿ, ಶಿವರುದ್ರಮ್ಮ ಎದೆ ಹಿಡಿದು ಕುಸಿದಿದ್ದಳು.

ಮೈಸೂರಿನ ಆಸ್ಪತ್ರೆಯಲ್ಲಿ ಅವಳ ಜೀವ ಉಳಿಯಿತು. ಅವನ ಮಾತು ಮಾತ್ರ ಅಲ್ಲೇ ಉಳಿದುಹೋಯಿತು.

ಮಗಳು ಶೃತಿ ಶೂ ತಂದುಕೊಟ್ಟ ದಿನ ಹೇಳಿದ್ದಳು: "ಅವ್ವಾ, ಡಾಕ್ಟ್ರು ಹೇಳಿಲ್ವಾ? ದಿನಾ ನಡೀಬೇಕು. ಮಾತಾಡ್ಕಂಡು ನಡೆಯಂಗಿರ್ಬೇಕು. ಏದುಸ್ರು ಬಂದು ಮಾತು ನಿಂತ್ರೆ ಜೋರಾಯ್ತು ಅಂತ."

"ಮಾತಾಡಕ್ಕೆ ನಂಜೊತೆ ಬರೋರು ಯಾರವ್ವಾ?" ಎಂದು ಅವಳು ಗಂಡನ ಕಡೆ ನೋಡಿದಳು.

ಕಂಠಪ್ಪ ಎದ್ದು ಕೊಟ್ಟಿಗೆಗೆ ಹೋದ.

"ಅಪ್ಪಂಗೆ ನಾಚ್ಕೆ ಕಣವ್ವ! ಸೀರೆ ಉಟ್ಟು ಶೂ ಹಾಕ್ಕಂಡಿರೋ ಎಂಡ್ತಿ!" ಶೃತಿ ತಮಾಷೆಗೆ ನಕ್ಕಳು.

ಆ ತಮಾಷೆ ಶಿವರುದ್ರಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಆದರೂ ನಡೆದಳು. ಮೊದಮೊದಲು ಸೇತುವೆ ಮುಟ್ಟುವುದೇ ಹರಸಾಹಸ. ಬರುಬರುತ್ತಾ ತೂಬು ದಾಟಿದಳು, ತೋಳು ಬೀಸುವುದು ಕಲಿತಳು.

"ಏನ್ ಶಿವರುದ್ರಕ್ಕ, ಮಿಲ್ಟ್ರಿಗ್ ಸೇರ್ಕಂಡ್ಯಾ?" ಬಟ್ಟೆ ಒಗೆಯುವ ಹೆಂಗಸರು ರೇಗಿಸಿದರು.

"ಊಂ ಕಣ್ರೇ! ನಿಮ್ಮುನ್ನೂ ಸೇರುಸ್ತೀನಿ, ಬನ್ನಿ!"

ಕಾಲು ಹಗುರಾಯಿತು, ಉಸಿರು ಹಗುರಾಯಿತು. ಮನಸ್ಸು ಮಾತ್ರ... ಕಬ್ಬಿನ ಗದ್ದೆಯ ಜೊತೆ ಮಾತಾಡಿದಳು, ಕೊಕ್ಕರೆಯ ಜೊತೆ ಮಾತಾಡಿದಳು. ಹಿಂದೆ ಆ ಚಟ್ ಚಟ್ ಬರುತ್ತಲೇ ಇತ್ತು.

'ಒಂದು ಸುಳ್ಳಾದರೂ ಹೇಳಬಾರದಾ? ನನ್ನ ಪಕ್ಕ ಕಾಣಿಸಿಕೊಳ್ಳುವುದು ಅಷ್ಟು ಅವಮಾನವಾ?'

ಒಂದು ಬೆಳಗ್ಗೆ ಸದ್ದು ನಿಂತುಹೋಯಿತು.

ಅವಳು ನಿಂತಳು. ಕಾದಳು. ಇಲ್ಲ... ತಿರುಗಿದಳು!

ಅಲ್ಲಿ, ಹೆಗ್ಗಡದೇವನಕೋಟೆಯ ಕಾಡಿನಿಂದ ಬಂದ ಒಂಟಿ ಸಲಗ! ಕಂಠಪ್ಪ ಅದರ ಸೊಂಡಿಲು ಹಿಡಿದು ಗಿರಗಿರನೆ ತಿರುಗಿಸಿ...

"ರೀ, ಆನೆ ಎಲ್ಲಿಂದ ಬಂತ್ರೀ?"

ಸಿಕ್ಕಿಬಿದ್ದೆ!

ನಾನು ಫೋನಿನಲ್ಲಿ ಟೈಪ್ ಮಾಡುತ್ತಿರುವುದನ್ನೆಲ್ಲ ಶಿವರುದ್ರಮ್ಮ ಬೆನ್ನ ಹಿಂದೆ ನಿಂತು ಓದುತ್ತಿದ್ದಾಳೆ. ಹೌದು ಓದುಗರೇ, ಆ ಕಂಠಪ್ಪ ನಾನೇ. ಅವಳ ಮನಸ್ಸಿನಲ್ಲಿದ್ದದ್ದೆಲ್ಲ ಆಮೇಲೆ ಅವಳೇ ಹೇಳಿದ್ದು.

"ನಿಜ ಬರೀರಿ," ಎಂದಳು.

ಆನೆ ಇರಲಿಲ್ಲ. ನಾನು ಕೆಸರಿನಲ್ಲಿ ಜಾರಿ, ಕಾಲು ಉಳುಕಿಸಿಕೊಂಡು ಕೂತಿದ್ದೆ. ಅವಳು ಓಡಿಬಂದಳು.

"ಓಡ್ಬ್ಯಾಡ ಕಣಮ್ಮಿ! ಮೆಲ್ಲಗ್ ಬಾ!"

ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಗಂಟಲಿನಿಂದ ಹೊರಟ ಮೊದಲ ಕೂಗು ಅದು.

ಅವಳು ಪಕ್ಕದಲ್ಲಿ ಕೂತಳು. "ನೋಡಿ, ಉಸ್ರು ಕಟ್ಲಿಲ್ಲ," ಎಂದಳು. ಆಮೇಲೆ, ಮೆಲ್ಲಗೆ... "ಶೂ ಹಾಕ್ದೋಳ ಜೊತೆ ನಡೆಯಕ್ಕೆ ಅಷ್ಟೊಂದ್ ನಾಚ್ಕೇನ್ರೀ?"

"ನಾಚ್ಕೆ ಯಾತರದು? ದಿಗಿಲು ಕಣಮ್ಮಿ... ಅವತ್ತು ಬಡಾಯಿ ಕೊಚ್ಕಂಡು ಮುಂದ್ ಮುಂದ್ಕೆ ಒಂಟೋದೆ. ನೀನ್ ಬಿದ್ದಿದ್ದು ಕಾಣ್ಲೇ ಇಲ್ಲ. ಇಂದೆ ಇದ್ರೆ ನೀನು ಕಣ್ಮುಂದೆ ಇರ್ತೀಯ. ನಾನ್ ಮಾತಾಡುದ್ರೆ... ನಿನ್ ಉಸ್ರು ನಂಗೆ ಕೇಳಲ್ಲ."

ಅವಳು ನನ್ನ ಉಳುಕಿದ ಕಾಲನ್ನು ಮೆಲ್ಲಗೆ ನೀವಿದಳು.

"ಪಕ್ಕದಲ್ಲಿದ್ರೂ ಕಾಣ್ತೀನಿ ಕಣ್ರೀ. ನೀವ್ ಮಾತಾಡ್ತಿದ್ರೇ ನಂಗೆ ಉಸ್ರು ಸಲೀಸು. ಏಳಿ."

ಅವಳ ಹೆಗಲು ಹಿಡಿದು ಎದ್ದೆ. ಬಟ್ಟೆ ಒಗೆಯುವ ಹೆಂಗಸರೆಲ್ಲ ನೋಡುತ್ತಿರುವಾಗಲೇ ಇಬ್ಬರೂ ಸಮಸಮನಾಗಿ ನಡೆದು ಮನೆಗೆ ಬಂದೆವು. ದಾರಿಯುದ್ದಕ್ಕೂ ಇಬ್ಬರೂ ಅತ್ತೆವು.

"ಇಬ್ರಾ?" ಫೋನು ಓದುತ್ತಿದ್ದವಳು ನನ್ನ ಹೆಗಲ ಮೇಲೆ ಗದ್ದ ಊರಿದಳು.

"ನೀನೂ ವಸಿ..."

"ರೀ..."

ಸರಿ. ಅತ್ತದ್ದು ನಾನೊಬ್ಬನೇ. ಅವಳು ಸೆರಗಿನಲ್ಲಿ ನನ್ನ ಮುಖ ಒರೆಸುತ್ತಾ, ನಗುತ್ತಿದ್ದಳು.