ಪರದೆಯಾಚೆಯ ಮೀನುತೊಟ್ಟಿ

"ನೀರು ಆಡ್ತಾನೇ ಇಲ್ಲ ಕಣ್ಲಾ ಮುಸವೀರ್. ಮೀನೆಲ್ಲ ಮೇಲಕ್ ಬಂದು ಬಾಯಿ ಬುಟ್ಕೊಂಡು ನಿಂತವೆ!"

ಅಫ್ಜಲುನ್ನೀಸಾ ಅಂಗಡಿಯ ಮೆಟ್ಟಿಲ ಮೇಲಿಂದಲೇ ಕೂಗಿದಳು. ಸಿರಾದ ಪೇಟೆಯಲ್ಲಿ ಮೋಟಾರ್ ಕಟ್ಟುವ ಮುಸವೀರ್, ಅರ್ಧ ಸುತ್ತಿದ ತಂತಿಯ ಕಾಯಿಲನ್ನು ಹಾಗೆಯೇ ಬಿಟ್ಟು ಎದ್ದ. ಯಾರ ಮನೆಯ ನೀರೆಂದು ಕೇಳಬೇಕಾಗಿರಲಿಲ್ಲ.

ಅಫ್ಜಲುನ್ನೀಸಾಳ ತಮ್ಮ ಇಸಾಕ್ ಮೊಹರಂ ಚಂದ್ರ ಕಂಡ ಸಂಜೆ ತೀರಿಕೊಂಡಿದ್ದ. ಅವನ ಹೆಂಡತಿ ನಾಹಿದಾ ಇದ್ದತ್ತಿನಲ್ಲಿದ್ದಳು. ನಾಲ್ಕು ತಿಂಗಳು ಹತ್ತು ದಿನ ಗಂಡ ಸತ್ತವಳು ಹೊಸ್ತಿಲು ದಾಟಬಾರದು, ಪರಪುರುಷರ ಎದುರು ಬರಬಾರದು, ಬಳೆ ತೊಡಬಾರದು, ಮದರಂಗಿ ಹಚ್ಚಬಾರದು. ಅಷ್ಟು ದಿನ ಅವಳ ಬಳಿ ಯಾರೂ ಮದುವೆಯ ಮಾತೆತ್ತಬಾರದು. ದೇವರ ಈ ಕಟ್ಟಳೆಯನ್ನು ಮುಸವೀರ್ ಚೆನ್ನಾಗಿ ಬಲ್ಲ. ಬಲ್ಲವನಾದ್ದರಿಂದಲೇ ಅಂಗಡಿಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತ ಬಂದಿದ್ದ.

ಇಪ್ಪತ್ತಾರು ವರ್ಷದ ಹಿಂದೆ ಅವನದೂ ನಾಹಿದಾಳದೂ ಒಂದೇ ಗಲ್ಲಿ. ಅವನ ತಾಯಿ ಹೆಣ್ಣು ಕೇಳಲು ಹೋದಾಗ, ಅವಳ ತಂದೆ ಹಿಂದಿನ ಸಂಜೆಯೇ ಇಸಾಕನ ಮನೆಯವರಿಗೆ ಮಾತು ಕೊಟ್ಟಾಗಿತ್ತು. ಆಮೇಲೆ ಇವನಿಗೂ ಮದುವೆಯಾಯಿತು. ಹೆಂಡತಿ ತೀರಿಕೊಂಡು ಈಗ ಒಂಬತ್ತು ವರ್ಷ.

ಇಸಾಕನ ಮನೆಯ ನಡುಬಾಗಿಲಿಗೆ ನೀಲಿ ಬೆಡ್‌ಶೀಟೊಂದನ್ನು ಪರದೆಯಾಗಿ ಕಟ್ಟಿದ್ದರು. ಮೀನಿನ ಗಾಜಿನ ತೊಟ್ಟಿಯೂ ನಾಹಿದಾಳೂ ಪರದೆಯ ಆಚೆ. ಈಚೆ ಎಲೆಯಡಿಕೆಯ ತಟ್ಟೆ ಮುಂದಿಟ್ಟುಕೊಂಡು ಅಫ್ಜಲುನ್ನೀಸಾ ಕುಳಿತಳು.

"ಪಂಪು ಕಿತ್ತು ನಿನ್ ಕೈಗೇ ತಂದ್ಕೊಡ್ತೀನಿ ಬುಡು."

"ಬ್ಯಾಡ ಆಪಾ. ನೀರಲ್ಲಿ ಇದ್ದಂಗೇ ನೋಡ್ಬೇಕು."

ಅದು ಸುಳ್ಳು. ತನ್ನ ಕಸುಬಿನಲ್ಲಿ ಅವನು ಆಡಿದ ಮೊದಲ ಸುಳ್ಳು. ಮನಸ್ಸಿನಲ್ಲೇ ಕ್ಷಮೆ ಬೇಡಿಕೊಂಡು ಪರದೆಯ ಕಡೆ ಬೆನ್ನು ಮಾಡಿ ಕುಳಿತ.

"ಕರೆಂಟ್ ಬರ್ತಾ ಐತಾ?"

"ತೊಟ್ಟಿ ಲೈಟ್ ಉರೀತಾ ಐತೆ, ಮುಸವೀರ್ ಭಾಯ್."

ಮೆಲ್ಲನೆಯ ದನಿ. ಕೊಂಚ ಬಳಲಿತ್ತು, ಆದರೆ ಅದೇ ದನಿ. ಮುಂದಿನ ಪ್ರಶ್ನೆ ಅವನಿಗೆ ಒಂದು ಗಳಿಗೆ ಮರೆತೇಹೋಯಿತು.

"ಪಂಪು ಅಂಟಿರೋ ಕಡೆ ಗಾಜಿನ ಮೇಲೆ ಹೊರಗಿಂದ ಬೆರಳಿಡಿ. ನಡುಗ್ತಾ ಐತಾ?"

"ಹೂಂ. ಒಳಗೇ ಗುಂಯ್ ಅಂತೈತೆ. ನೀರು ಮಾತ್ರ ತಳ್ತಾ ಇಲ್ಲ."

"ಅಂಗಾದ್ರೆ ಜೀವ ಐತೆ. ತಿರುಗೋಕೆ ಏನೋ ಅಡ್ಡ ಬಂದೈತೆ."

ಆಚೆಯಿಂದ ಒಂದು ಸಣ್ಣ ಉಸಿರು ಕೇಳಿಸಿತು.

"ಪ್ಲಗ್ ಕೀಳಿ. ನೀರಿಗೆ ಕೈ ಹಾಕೋದು ಆಮೇಲೆ."

"ಕಿತ್ತೆ."

"ಇನ್ನೊಂದ್ಸಲ ನೋಡಿ."

"ಕಿತ್ತಿದೀನಿ ಅಂದ್ನಲ್ಲ!"

ಅಫ್ಜಲುನ್ನೀಸಾ ಕಿಸಕ್ಕನೆ ನಕ್ಕಳು. "ನನ್ ತಮ್ಮನೂ ಇಷ್ಟು ಜೋಪಾನ ಮಾಡಿರ್ಲಿಲ್ಲ ಕಣಮ್ಮ."

ಮುಸವೀರನ ಕಿವಿ ಬಿಸಿಯಾಯಿತು. ಪಂಪು ನೀರಿನಲ್ಲಿ ಪೂರ್ತಿ ಮುಳುಗಿದೆಯೇ ಎಂದು ಕೇಳಿದ. ಮೇಲೆ ನಾಲ್ಕು ಬೆರಳು ನೀರಿದೆ ಎಂದಳು. ಹಾಗಾದರೆ ಗಾಳಿ ಎಳೆದುಕೊಂಡಿಲ್ಲ. ನೀರೆಳೆಯುವ ಜಾಲರಿಗೆ ಕಸ ಕಟ್ಟಿದೆಯೇ ಎಂದ. ಇಲ್ಲ ಎಂದಳು.

"ಮುಂದಿನ ಮುಚ್ಚಳ ತಿರುಗಿಸಿ. ಒಳಗೆ ಪುಟ್ಟ ಫ್ಯಾನ್ ಐತೆ, ಮೆತ್ತಗೆ ಎಳೀರಿ."

"ಬರ್ತಿಲ್ಲ."

"ಜೋರು ಮಾಡ್ಬೇಡಿ, ಕಡ್ಡಿ ಮುರೀತೈತೆ. ಒಂಚೂರು ಅಲ್ಲಾಡಿಸಿ. ತಾನಾಗೇ ಬರ್ತೈತೆ."

ಅವನು ಕಾದ. ನೀರು ತೊಟ್ಟಿಕ್ಕುವ ಸದ್ದು ಮಾತ್ರ ಕೇಳುತ್ತಿತ್ತು.

"ಬಂತು. ದಾರದಂಗೆ ಏನೋ ಸುತ್ಕೊಂಡೈತೆ."

ಪರದೆಯ ಅಡಿಯಿಂದ ಒಂದು ಸಾಸರು ಸರಿದು ಬಂತು. ಅದರ ಅಂಚಿನಲ್ಲಿದ್ದ ಒದ್ದೆ ಬೆರಳುಗಳು ಅವನು ಕಣ್ಣು ತಿರುಗಿಸುವುದರೊಳಗೆ ಮರೆಯಾದವು.

ಫ್ಯಾನಿಗೆ ಬೋರ್ ನೀರಿನ ಬಿಳಿ ಕಿಟ್ಟ ಹಿಡಿದಿತ್ತು. ಅದರ ಕಡ್ಡಿಯ ಬುಡಕ್ಕೆ ಸುತ್ತಿಕೊಂಡಿದ್ದುದು ದಾರವಲ್ಲ, ಒಂದು ನೀಳ ಕೂದಲು. ಅವನು ಚಿಮುಟದಿಂದ ಬಿಡಿಸಿದ. ಕೂದಲ ತುದಿಯೆಲ್ಲ ಮದರಂಗಿ ಕೆಂಪು. ಬುಡದಲ್ಲಿ ಎರಡು ಬೆರಳಗಲ ಅಚ್ಚ ಬಿಳಿ. ಅವಳು ಮನೆಯೊಳಗೆ ಕಳೆದ ದಿನಗಳಷ್ಟೂ ಆ ಬಿಳುಪಿನಲ್ಲಿದ್ದವು.

ತಾನು ನೋಡಬಾರದ್ದು ಅದು. ಅವನು ಅದನ್ನು ಸಾಸರಿನಲ್ಲಿಟ್ಟು ತನ್ನ ಕರ್ಚೀಫು ಮುಚ್ಚಿದ. ಅಫ್ಜಲುನ್ನೀಸಾ ತಂದುಕೊಟ್ಟ ನಿಂಬೆಹೋಳಿನಿಂದ ಫ್ಯಾನಿನ ಕಿಟ್ಟ ಉಜ್ಜಿ, ತೊಳೆದು, ಅದನ್ನೂ ಸಾಸರನ್ನೂ ಪರದೆಯಡಿ ತಳ್ಳಿದ.

ಸ್ವಲ್ಪ ಹೊತ್ತಿನಲ್ಲೇ ಆಚೆ ನೀರು ಸುಳಿಯುವ ಸದ್ದಾಯಿತು.

"ತಿರುಗ್ತೈತೆ! ಮುಸವೀರ್, ತಿರುಗ್ತೈತೆ! ಮೀನು ಕೆಳಕ್ಕಿಳಿದ್ವು!"

"ಇದೇನಮ್ಮಾ, 'ಭಾಯ್' ಎಲ್ಲೋಯ್ತು?" ಎಂದಳು ಅಫ್ಜಲುನ್ನೀಸಾ.

ಆಮೇಲೆ ನಾಹಿದಾ ಒಂದೊಂದೇ ಮಾತನ್ನು ಎತ್ತಿಟ್ಟಂತೆ ಹೇಳಿದಳು.

"ನಮ್ಮಣ್ಣ ಮುಜಾಮಿಲ್ ಪಾವಗಡದಲ್ಲಿ ಯಾರಿಗೋ ನನ್ನ ವಿಷ್ಯ ಹೇಳಿಟ್ಟವ್ನೆ. ಇದ್ದತ್ ಮುಗಿದ ದಿನ ಬತ್ತಾನೆ. ನೀವೂ ಆ ದಿನ ಬನ್ನಿ. ಪಂಪು ತಿರುಗ್ತಾ ಐತಾ ನೋಡೋಕೆ."

"ಆ ದಿನವೇ ಬತ್ತೀನಿ."

ಅದಕ್ಕಿಂತ ಹೆಚ್ಚು ಕೇಳುವುದು ಅವಳಿಗೆ ಸಲ್ಲದು, ಹೇಳುವುದು ಅವನಿಗೆ ಸಲ್ಲದು.

ಆ ದಿನ ಯಾವುದೆಂದು ಮುಸವೀರ್ ಯಾರನ್ನೂ ಕೇಳಲಿಲ್ಲ. ಮಸೀದಿಯಲ್ಲಿ ಕೇಳಿದರೆ, ನಿನಗೇಕೆ ಎಂದಾರು. ಅವಳ ಹೆಸರು ನಾಲ್ಕು ಜನರ ಬಾಯಿಗೆ ಬೀಳುವುದು ಅವನಿಗೆ ಬೇಕಿರಲಿಲ್ಲ. ರೋಜಾ ಉಪವಾಸಕ್ಕೂ ಹಬ್ಬಕ್ಕೂ ಚಂದ್ರ ಕಂಡರೆ ಊರೆಲ್ಲ ಸಾರುತ್ತಾರೆ. ಒಬ್ಬ ಹೆಂಗಸಿನ ಇದ್ದತ್ತಿನ ಚಂದ್ರನನ್ನು ಯಾರು ಸಾರುತ್ತಾರೆ? ಅಂಗಡಿಯ ಕ್ಯಾಲೆಂಡರಿನ ಪ್ರಕಾರ ಇಸಾಕ್ ಹೋದದ್ದು ಜುಲೈ ಏಳು. ನವೆಂಬರ್ ಏಳಕ್ಕೆ ನಾಲ್ಕು ತಿಂಗಳು, ಮೇಲೆ ಹತ್ತು ದಿನ. ನವೆಂಬರ್ ಹದಿನೇಳರ ಸುತ್ತ ಅವನು ಕೆಂಪು ಪೆನ್ನಿನಿಂದ ಬಳೆಯಂತೆ ಒಂದು ಗುರುತು ಹಾಕಿದ್ದ.

ಆ ಭಾನುವಾರ ಬೆಳಿಗ್ಗೆ ಇಸ್ತ್ರಿಯ ಬಿಳಿ ಜುಬ್ಬಾ ತೊಟ್ಟು, ಅತ್ತರು ಹಚ್ಚಿ ಹೊರಟ. ಇಪ್ಪತ್ತಾರು ವರ್ಷದಿಂದ ಕಟ್ಟಿಟ್ಟ ಮಾತನ್ನು ದಾರಿಯುದ್ದಕ್ಕೂ ತುಟಿಯೊಳಗೇ ತಿರುಗಿಸಿದ.

ಬಾಗಿಲು ತೆರೆದಿತ್ತು. ನೀಲಿ ಪರದೆ ಇರಲಿಲ್ಲ. ಗೋಡೆಯ ಪಕ್ಕದ ತೊಟ್ಟಿಯಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಅಫ್ಜಲುನ್ನೀಸಾ ಒಬ್ಬಳೇ ಕೂತಿದ್ದಳು.

"ಯಾಕ್ ಬಂದ್ಯೋ ಈಗ?"

"ಇವತ್ತಲ್ವಾ ಆಪಾ? ಇವತ್ತಿಗೆ ನಾಲ್ಕು ತಿಂಗ್ಳು ಹತ್ತು..."

"ಯಾವ ತಿಂಗ್ಳಲಾ? ಚಂದ್ರ ನೋಡಿ ಹಿಡಿಯೋ ಚಾಂದ್ ಲೆಕ್ಕ ಅಲ್ವೇನೋ, ತಿಂಗ್ಳಿಗೆ ಒಂದೊಂದ್ ದಿನ ಕಮ್ಮಿ! ಬುಧವಾರ ಮುಗೀತು."

ಮುಸವೀರ್ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಮುಜಾಮಿಲ್ ಅವತ್ತೇ ಬಂದ. ಒಬ್ರು ಬರ್ಬೇಕು, ಅವ್ರು ಬಂದ್ಮೇಲೆ ಹೇಳ್ತೀನಿ ಅಂದ್ಲು ನಾಹಿದಾ. ಯಾರು ಅಂತ ಬಾಯಿ ಬುಡ್ಲಿಲ್ಲ. ನಾನೇ ನಿನ್ ಅಂಗ್ಡಿಗೆ ಬತ್ತೀನಿ ಅಂದ್ರೆ, ಕರೆಸ್ಕೊಂಡು ಬರೋದು ಬ್ಯಾಡ ಆಪಾ, ಮನಸ್ಸಿದ್ರೆ ಬತ್ತಾರೆ ಅಂದ್ಬುಟ್ಲು. ಗುರುವಾರ ಕಾದ್ಲು, ಶುಕ್ರವಾರ ಕಾದ್ಲು. ನೆನ್ನೆ ಪಾವಗಡಕ್ಕೆ ಕರ್ಕೊಂಡೋದ್ರು. ಸಂಜೆ ಅಸರ್ ನಮಾಜ್ ಆದ್ಮೇಲೆ ನಿಕಾಹ್ ಆಗೋಯ್ತು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೆಣ್ಣು ಕೇಳೋಕೆ ಅವತ್ತೂ ಇಂಗೇ ತಡವಾಗಿ ಬಂದ್ರಿ ನೀವು."

ಮುಸವೀರನ ಕೈ ಬಲ್ಲ ಕೆಲಸ ಎದುರಿಗಿತ್ತು. ತೊಟ್ಟಿಯ ಬಳಿ ಹೋಗಿ ಗಾಜಿಗೆ ಬೆರಳಿಟ್ಟ. ಪಂಪು ನಡುಗುತ್ತಿತ್ತು. ಪ್ಲಗ್ ಕಿತ್ತ. ಕಿತ್ತಿದ್ದೇನೆಯೇ ಎಂದು ಇನ್ನೊಂದು ಸಲ ನೋಡಿದ. ಮುಚ್ಚಳ ತಿರುಗಿಸಿ ಫ್ಯಾನನ್ನು ಮೆತ್ತಗೆ ಅಲ್ಲಾಡಿಸಿದ. ತಾನಾಗೇ ಬಂತು.

ಮತ್ತೊಂದು ಕೂದಲು ಸುತ್ತಿಕೊಂಡಿತ್ತು. ಬಿಡಿಸಿ ಬೆಳಕಿಗೆ ಹಿಡಿದ. ಬುಡದಿಂದ ತುದಿಯವರೆಗೂ ಕೆಂಪು. ಒಂದು ಕಡೆಯೂ ಬಿಳುಪಿಲ್ಲ.

"ಆಪಾ... ಮದರಂಗಿ ಹಚ್ಕೊಂಡಿದ್ರಾ?"

"ಬುಧವಾರ ಸ್ನಾನ ಆಗಿದ್ದೇ ತಡ ಹಚ್ಕೊಂಡ್ಲು. ಕೂದಲು ತೊಳ್ಕೊಂಡು, ಒಣಗಿಸ್ಕೊಂಡು ಈ ತೊಟ್ಟಿ ಹತ್ರಾನೇ ಕೂತಿದ್ಲು. ಬಾಗ್ಲು ಹಾಕ್ಬೇಡಿ ಅಂದ್ಲು."

ಈಗ ಅದು ಇನ್ನೊಬ್ಬನ ಹೆಂಡತಿಯ ಕೂದಲು. ಮುಸವೀರ್ ಅಂಗಳಕ್ಕೆ ಹೋಗಿ, ದಾಳಿಂಬೆ ಗಿಡದ ಬುಡದಲ್ಲಿ ಬೆರಳಿಂದಲೇ ಮಣ್ಣು ತೋಡಿ, ಕೂದಲನ್ನು ಸುರುಳಿ ಮಾಡಿಟ್ಟು ಮುಚ್ಚಿದ. ಅಲ್ಲಿಂದ ಏಳಲು ಅವನಿಗೆ ಬಹಳ ಹೊತ್ತಾಯಿತು.

ಒಳಗೆ ಬಂದು ಫ್ಯಾನು ಕೂರಿಸಿ ಪ್ಲಗ್ ಹಾಕಿದ. ನೀರು ಸುಳಿಯಿತು. ಮೀನುಗಳು ಒಂದೊಂದಾಗಿ ಕೆಳಗಿಳಿದವು.

"ಹೋಗ್ತಾ ಬಾಗ್ಲು ಎಳ್ಕೊಂಡೋಗಪ್ಪ," ಎಂದಳು ಅಫ್ಜಲುನ್ನೀಸಾ. "ನಾಲ್ಕು ದಿನದಿಂದ ತೆಗ್ದೇ ಐತೆ."

ಅವನು ಚಪ್ಪಲಿ ಮೆಟ್ಟಿ, ಹೊರಗೆ ನಿಂತು, ಎರಡೂ ಕೈಯಿಂದ ಬಾಗಿಲು ಎಳೆದುಕೊಂಡ.